ವಿಕ್ಟರನ ಎಡಗಾಲು

(ಫುಟ್‌ಬಾಲ್ ನೋಡುವ ಗೆಳೆಯರ ಕೂಟದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ಒಂದು ಪೆನಾಲ್ಟಿಯಿಂದಲೇ ಶುರು ಮಾಡುತ್ತೇನೆ.

2013ರ ಮೇ 30ರ ರಾತ್ರಿ. ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ನಗರ. ಅಲ್ಲಿ ಹೊರ್ತೊ ಎಂಬ ಬಡಾವಣೆಯಲ್ಲಿ ಇಂಡಿಪೆಂಡೆನ್ಸಿಯಾ ಅಂತ ಒಂದು ಕ್ರೀಡಾಂಗಣ. ರಿಯೊದ ಮರಕಾನಾದಂಥ ದೈತ್ಯ ಅಲ್ಲ, ಇಕ್ಕಟ್ಟಿನ ಜಾಗ. ಆ ವರ್ಷ ಅಲ್ಲಿಯ ಅಭಿಮಾನಿಗಳು ಒಂದು ಪ್ರಾಸ ಕಟ್ಟಿಕೊಂಡಿದ್ದರು: "ಕಾಯು ನೊ ಹೊರ್ತೊ, ತಾ ಮೊರ್ತೊ." ಹೊರ್ತೊಗೆ ಬಂದು ಬಿದ್ದೆಯೋ, ಸತ್ತೆ. ಆಡುತ್ತಿರುವುದು ಆ ಊರಿನ ಅಟ್ಲೆಟಿಕೊ ಮಿನೇರೊ. ಎದುರಿಗೆ ಮೆಕ್ಸಿಕೊದಿಂದ ಬಂದ ತಿಹುವಾನಾ. ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಟೂರ್ನಿ ಕೋಪಾ ಲಿಬರ್ಟಡೋರೆಸ್, ಅದರ ಕ್ವಾರ್ಟರ್ ಫೈನಲ್‌ನ ಎರಡನೆಯ ಪಂದ್ಯ.

ಮೊದಲ ಪಂದ್ಯ ಮೆಕ್ಸಿಕೊದಲ್ಲಿ 2-2 ಆಗಿತ್ತು. ಇಲ್ಲಿ ಈಗ 1-1. ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ನಿಮಿಷಗಳು ಓಡುತ್ತಿವೆ. ಎರಡೂ ಕೂಡಿದರೆ 3-3. ಆಗ ಇದ್ದ ನಿಯಮದ ಪ್ರಕಾರ, ಲೆಕ್ಕ ಸಮವಾದರೆ ಪರರ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದಕ್ಕೆ. ಅಟ್ಲೆಟಿಕೊ ಅಲ್ಲಿ ಎರಡು ಹೊಡೆದಿದೆ, ತಿಹುವಾನಾ ಇಲ್ಲಿ ಹೊಡೆದಿರುವುದು ಒಂದೇ. ಹೀಗೇ ಮುಗಿದರೆ ಅಟ್ಲೆಟಿಕೊ ಸೆಮಿಫೈನಲ್‌ಗೆ. ಜನ ಆಗಲೇ ಕುಣಿಯುತ್ತಿದ್ದಾರೆ. ಅಷ್ಟರಲ್ಲಿ ರೆಫರಿ ಶಿಳ್ಳೆ ಊದಿ ಬಿಳಿ ಚುಕ್ಕೆಯ ಕಡೆ ಕೈ ತೋರಿಸಿದ. ತಿಹುವಾನಾಕ್ಕೆ ಪೆನಾಲ್ಟಿ.

ಈ ಒಂದು ಒದೆತ ಒಳಗೆ ಹೋದರೆ ಅಟ್ಲೆಟಿಕೊ ಕಥೆ ಮುಗಿಯಿತು. ತಿರುಗಿ ಹೊಡೆಯಲು ಸಮಯವೇ ಇಲ್ಲ. ತಂಡದಲ್ಲಿ ಸಾಕ್ಷಾತ್ ರೊನಾಲ್ಡಿನ್ಯೊ ಇದ್ದಾನೆ, ಆದರೆ ಪೆನಾಲ್ಟಿ ಎದುರಾಳಿಗೆ ಸಿಕ್ಕಾಗ ರೊನಾಲ್ಡಿನ್ಯೊ ಆದರೇನು, ನಾನಾದರೇನು, ನಿಂತು ನೋಡುವುದೇ ಕೆಲಸ. ಅವತ್ತಿನ ತಿಹುವಾನಾ ಗೋಲು ಹೊಡೆದ ಕೊಲಂಬಿಯಾದ ಡುವಿಯರ್ ರಿಯಾಸ್ಕೋಸ್‌ನೇ ಚೆಂಡಿನ ಮುಂದೆ ನಿಂತ. ಗೋಲಿ ವಿಕ್ಟರ್ ತನ್ನ ಬಲಕ್ಕೆ ಹಾರಿದ. ರಿಯಾಸ್ಕೋಸ್ ನಟ್ಟನಡುವಿಗೆ ಹೊಡೆದ. ಗೋಲಿಯ ಮೈ ಹೋಗಿಯಾಗಿದೆ, ಎಡಗಾಲು ಮಾತ್ರ ಇನ್ನೂ ಹಿಂದೆ ಗಾಳಿಯಲ್ಲಿದೆ. ಚೆಂಡು ಆ ಕಾಲಿಗೆ ಬಡಿದು ಆಚೆ ಹಾರಿತು.

ಅವತ್ತಿನಿಂದ ಆ ಊರಿನಲ್ಲಿ ಅವನು ಸಾವೊ ವಿಕ್ಟರ್, ಅಂದರೆ ಸಂತ ವಿಕ್ಟರ್.

ನಾನು ಇವತ್ತು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಆ ಕಾಲಿನೊಳಗೇ ಇದೆ. ದಕ್ಷಿಣ ಅಮೆರಿಕದ ಕ್ಲಬ್ ಫುಟ್‌ಬಾಲ್ ಅಂದರೆ ನಮ್ಮಲ್ಲಿ ತುಂಬ ಜನ ಫೈನಲ್ ದಿನ ಮಾತ್ರ ಕಣ್ಣು ಹಾಯಿಸುತ್ತಾರೆ. ನನ್ನ ತಕರಾರು ಅಲ್ಲೇ. ಲಿಬರ್ಟಡೋರೆಸ್‌ನ ಜೀವ ಇರುವುದು ಹದಿನಾರರ ಸುತ್ತಿನಿಂದ ಸೆಮಿಫೈನಲ್‌ವರೆಗೆ, ಎರಡೆರಡು ಪಂದ್ಯದ ಆ ಜೋಡಿಗಳಲ್ಲಿ. ಫೈನಲ್ ಈಗ ಊಟ ಆದಮೇಲಿನ ಎಲೆಅಡಿಕೆ.

ಬ್ರೆಜಿಲ್‌ನವರು ನಾಕೌಟ್‌ಗೆ ಇಟ್ಟಿರುವ ಹೆಸರು "ಮಾತಾ-ಮಾತಾ". ನಮ್ಮ ಕಿವಿಗೆ ಯಾರೋ ಜಗಲಿ ಮೇಲೆ ಹರಟೆ ಹೊಡೆಯುತ್ತಿರುವ ಹಾಗೆ ಕೇಳಿಸುತ್ತದೆ. ಅರ್ಥ ಮಾತ್ರ "ಕೊಲ್ಲು, ಕೊಲ್ಲು". ಸ್ಪ್ಯಾನಿಷ್ ಆಡುವ ದೇಶಗಳಲ್ಲಿ ಸ್ವಲ್ಪ ಸೌಮ್ಯ ಮಾತಿದೆ. ಮೊದಲ ಪಂದ್ಯಕ್ಕೆ "ಇದಾ", ಹೋಗುವುದು. ಎರಡನೆಯದಕ್ಕೆ "ವುವೆಲ್ತಾ", ಮರಳುವುದು. ಹೋಗಿ ಬರುವುದು. ನನಗೆ ಇದು ಕೈಸಾಲದ ವ್ಯವಹಾರದ ಹಾಗೆ ಕಾಣುತ್ತದೆ. ಮೊದಲ ಪಂದ್ಯದಲ್ಲಿ ಸಾಲ ಆಗುತ್ತದೆ, ಎರಡನೆಯದರಲ್ಲಿ ವಸೂಲಿ. ಸಾಲ ಕೊಟ್ಟವನು ಯಾರ ಮನೆ ಬಾಗಿಲಲ್ಲಿ ನಿಂತು ಕೇಳುತ್ತಾನೆ ಅನ್ನುವುದರ ಮೇಲೆ ಇಡೀ ಸಂಜೆ ನಿಂತಿರುತ್ತದೆ.

ಕಟ್ಟುಪಾಡು ಬೇಗ ಹೇಳಿಬಿಡುತ್ತೇನೆ. 32 ತಂಡ, ಎಂಟು ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರು ಹದಿನಾರರ ಸುತ್ತಿಗೆ. ಪರಗ್ವೆಯ ಲುಕೆ ಪಟ್ಟಣದಲ್ಲಿ ಖಂಡದ ಫುಟ್‌ಬಾಲ್ ಒಕ್ಕೂಟ ಕೊನ್‌ಮೆಬೋಲ್‌ನ ಕಚೇರಿ ಇದೆ, ಅಲ್ಲಿ ಚೀಟಿ ಎತ್ತುತ್ತಾರೆ. ಗುಂಪು ಗೆದ್ದವರಿಗೆ ಎರಡನೆಯ ಸ್ಥಾನದವರು ಎದುರಾಳಿ. ಗುಂಪು ಗೆದ್ದವರಿಗೆ ಬಹುಮಾನ ಒಂದೇ: ವಸೂಲಿಯ ಪಂದ್ಯ ಅವರ ಮನೆಯಲ್ಲಿ. ಮುಂದಿನ ಸುತ್ತುಗಳಲ್ಲೂ ಗುಂಪಿನ ಹಂತದಲ್ಲಿ ಚೆನ್ನಾಗಿ ಆಡಿದವರಿಗೇ ಆ ಸವಲತ್ತು. ಪರರ ಅಂಗಳದ ಗೋಲಿಗೆ ಹೆಚ್ಚು ಬೆಲೆ ಕೊಡುವ ನಿಯಮ ಬಂದದ್ದು 2005ರಲ್ಲಿ, 2022ರಿಂದ ಅದಿಲ್ಲ. ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಫೈನಲ್ ಬಿಟ್ಟರೆ ಉಳಿದ ಸುತ್ತುಗಳಲ್ಲಿ ಎಕ್ಸ್‌ಟ್ರಾ ಟೈಮ್, ಅಂದರೆ ಮತ್ತೆ ಅರ್ಧ ಗಂಟೆಯ ಆಟ, ಇಲ್ಲ. ಎರಡು ಪಂದ್ಯ ಕೂಡಿ ಸಮವಾದರೆ ನೇರ ಪೆನಾಲ್ಟಿ ಶೂಟೌಟ್.

ಈಗ "ಮನೆ" ಅಂದರೇನು ನೋಡೋಣ. ಯುರೋಪಿನಲ್ಲೂ ತವರಿನ ಲಾಭ ಇದೆ. ಆದರೆ ಅಲ್ಲಿ ಊರಿಂದ ಊರಿಗೆ ಗಾಳಿ ಬದಲಾಗುವುದಿಲ್ಲ. ಇಲ್ಲಿ ಬದಲಾಗುತ್ತದೆ, ಅಕ್ಷರಶಃ. ಬೊಲಿವಿಯಾದ ಲಾ ಪಾಸ್‌ನಲ್ಲಿರುವ ಹೆರ್ನಾಂಡೊ ಸೀಲೆಸ್ ಕ್ರೀಡಾಂಗಣ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದನ್ನು ಹೆಚ್ಚುಕಡಿಮೆ ಪೂರ್ತಿ ಇಟ್ಟು, ಅದರ ತಲೆ ಮೇಲೆ ತೊಂಬತ್ತು ನಿಮಿಷ ಓಡು ಅಂದ ಹಾಗೆ. ಪಕ್ಕದ ಎಲ್ ಆಲ್ಟೊ ಊರಿನ ಕ್ರೀಡಾಂಗಣವಂತೂ 4,000 ಮೀಟರಿಗೂ ಮೇಲೆ. ಆಮ್ಲಜನಕ ಕಮ್ಮಿ, ಓಡಿದವನು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಅದು ಅರ್ಧ ಕಥೆ. ಗಾಳಿ ತೆಳುವಾದ್ದರಿಂದ ಚೆಂಡಿಗೆ ತಡೆಯೂ ಕಮ್ಮಿ, ದೂರದಿಂದ ಹೊಡೆದದ್ದು ಗೋಲಿಯ ಅಂದಾಜಿಗಿಂತ ಮೊದಲೇ ಬಂದುಬಿಡುತ್ತದೆ. ಕರಾವಳಿಯ ತಂಡಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ತಗ್ಗಿನಲ್ಲಿರುವ ಸಾಂತಾ ಕ್ರೂಸ್‌ನಲ್ಲಿ ಉಳಿದುಕೊಂಡು, ಪಂದ್ಯಕ್ಕೆ ಕೆಲವೇ ಗಂಟೆ ಇರುವಾಗ ವಿಮಾನದಲ್ಲಿ ಮೇಲೇರುವುದು. ತಲೆನೋವು, ವಾಂತಿ ಶುರುವಾಗುವ ಮೊದಲೇ ಆಡಿ ಇಳಿದುಬಿಡಬೇಕು, ಅಷ್ಟೇ.

ಕೆಳಗಿನ ಊರುಗಳಿಗೆ ಬೇರೆ ಆಯುಧ. ಬ್ಯೂನಸ್ ಐರಿಸ್‌ನಲ್ಲಿ ತಂಡ ಸುರಂಗದಿಂದ ಹೊರಬರುವ ಗಳಿಗೆಗೆ ಒಂದು ಹೆಸರೇ ಇದೆ: "ರೆಸಿಬಿಮಿಯೆಂತೊ", ಬರಮಾಡಿಕೊಳ್ಳುವುದು. ಹೊಗೆಬತ್ತಿ, ಡೋಲು, ಮೇಲಿನ ಅಂತಸ್ತಿನಿಂದ ಕೆಳಗಿನವರೆಗೆ ಇಳಿಬಿಟ್ಟ ಬಟ್ಟೆಗಳು, ಮತ್ತೆ ಹರಿದ ಕಾಗದದ ಚೂರು, ಅದಕ್ಕೆ "ಪಪೆಲಿತೊಸ್" ಅನ್ನುತ್ತಾರೆ. ನಮ್ಮಲ್ಲಿ ಹೊಸ ಸಿನಿಮಾದ ಮೊದಲ ಶೋನಲ್ಲಿ ನಾಯಕ ತೆರೆ ಮೇಲೆ ಬಂದಾಗ ಎರಚುತ್ತೇವಲ್ಲ, ಥೇಟ್ ಅದೇ. ಹುಲ್ಲು ಬೆಳ್ಳಗಾಗಿ, ಗೋಲಿಯ ಕಾಲ ಬುಡದಲ್ಲಿ ಕಾಗದ ಹಾರಾಡುತ್ತಿರುತ್ತದೆ.

ಸಾಲ-ವಸೂಲಿ ಅಂದೆನಲ್ಲ, ಅದಕ್ಕೆ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಕ್ಲಬ್ಬಿನ 2017ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಬೊಲಿವಿಯಾದ ಹೋರ್ಹೆ ವಿಲ್ಸ್ಟರ್‌ಮನ್ ಎದುರಾಳಿ. ಬೆಟ್ಟದೂರಾದ ಕೊಚಬಾಂಬಾದಲ್ಲಿ ರಿವರ್ 0-3ರಿಂದ ಸೋತಿತು. ಮರುವಾರ ತನ್ನ ಮೊನುಮೆಂಟಲ್ ಕ್ರೀಡಾಂಗಣದಲ್ಲಿ 8-0. ಇಗ್ನಾಸಿಯೊ ಸ್ಕೊಕ್ಕೊ ಒಬ್ಬನೇ ಐದು, ಅದರಲ್ಲಿ ಮೂರು ಮೊದಲ ಇಪ್ಪತ್ತು ನಿಮಿಷದೊಳಗೆ. ಬಡ್ಡಿ, ಚಕ್ರಬಡ್ಡಿ ಎಲ್ಲ ಸೇರಿಸಿ ವಸೂಲಿ.

ಅದೇ ರಿವರ್ ಸೆಮಿಫೈನಲ್‌ಗೆ ಬಂತು. ಎದುರಿಗೆ ಲನೂಸ್, ಬ್ಯೂನಸ್ ಐರಿಸ್‌ಗೆ ಅಂಟಿಕೊಂಡ ಒಂದು ಉಪನಗರದ ಚಿಕ್ಕ ಕ್ಲಬ್. ಮೊದಲ ಪಂದ್ಯ ರಿವರ್ 1-0. ಎರಡನೆಯದು ಅಕ್ಟೋಬರ್ 31ರ ರಾತ್ರಿ ಲನೂಸ್‌ನಲ್ಲಿ. ನಮಗದು ನವೆಂಬರ್ 1ರ ಬೆಳಗಿನ ಜಾವ, ರಾಜ್ಯೋತ್ಸವದ ರಜೆ. ಮನೆಯವರೆಲ್ಲ ಮಲಗಿದ್ದಾರೆ, ನಾನು ದೀಪ ಹಾಕದೆ ನಿಂತು ನಿಂತು ಓಡುವ ಸ್ಟ್ರೀಮ್ ನೋಡುತ್ತಿದ್ದೇನೆ. ರಿವರ್ ಎರಡು ಗೋಲು ಹಾಕಿತು. ಒಟ್ಟು 3-0. ಸರಿ ಇನ್ನೇನು, ಎದ್ದು ಹೋಗಿ ಹಾಲು ಕಾಯಿಸಲಿಟ್ಟೆ. ವಾಪಸ್ ಬಂದು ಕೂತರೆ ಅರ್ಧ ಸಮಯದ ಹಿಂದೆಮುಂದೆ ಹೊಸೆ ಸ್ಯಾಂಡ್ ಎರಡು ಹೊಡೆದಿದ್ದಾನೆ. ಆಮೇಲೆ ಮೂರನೆಯದು. ಆಮೇಲೆ ವಿಎಆರ್, ಅಂದರೆ ರೆಫರಿಗೆ ನೆರವಾಗುವ ವಿಡಿಯೊ, ನೋಡಿ ಕೊಟ್ಟ ಪೆನಾಲ್ಟಿ, ನಾಲ್ಕನೆಯದು. ಆ ವರ್ಷವೇ ಲಿಬರ್ಟಡೋರೆಸ್‌ಗೆ ವಿಎಆರ್ ಬಂದದ್ದು. ತಮಗೆ ಸಿಗಬೇಕಿದ್ದ ಪೆನಾಲ್ಟಿಯನ್ನು ಅದೇ ಟಿವಿ ನೋಡಲಿಲ್ಲ ಅಂತ ರಿವರ್‌ನವರಿಗೆ ಇವತ್ತಿಗೂ ಸಿಟ್ಟು. 4-2. ರಿವರ್ ಹೊರಕ್ಕೆ. ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು, ಅದರ ಬೈಗುಳ ಬೇರೆ.

ಇಂಥದ್ದು ಒಂದೇ ಪಂದ್ಯದ ನಾಕೌಟ್‌ನಲ್ಲಿ ಆಗುವುದಿಲ್ಲ. ಒಂದು ವಾರ ತಂಡ ಮುಂದಿದೆ ಅನ್ನುವ ಭಾವನೆಯೊಂದಿಗೆ ಬದುಕಿರಬೇಕು, ಪೇಪರಿನವರು ಬರೆದಿರಬೇಕು, ಅಭಿಮಾನಿ ಕೆಲಸದ ಜಾಗದಲ್ಲಿ ಎದೆಯುಬ್ಬಿಸಿ ಓಡಾಡಿರಬೇಕು. ಆಗಲೇ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದಕ್ಕೆ ಅರ್ಥ.

ಇತ್ತೀಚಿನದು ಬೇಕು ಅಂತ ಯಾರೋ ಕೇಳಿದಿರಿ. 2025ರ ಸೆಮಿಫೈನಲ್ ಇದೆ. ಎಕ್ವಡಾರ್‌ನ ಎಲ್‌ಡಿಯು ಕಿಟೊ, ಬ್ರೆಜಿಲ್‌ನ ಪಾಲ್ಮೈರಾಸ್. ಕಿಟೊ ನಗರವೂ 2,800 ಮೀಟರ್ ಮೇಲಿನದು. ಅಲ್ಲಿ ಎಲ್‌ಡಿಯು 3-0. ಮರುವಾರ ಸಾವೊ ಪಾಲೊದಲ್ಲಿ ಪಾಲ್ಮೈರಾಸ್ 4-0. ಎರಡು ಊರು, ಎರಡು ಎತ್ತರ, ಆಡಿದ್ದು ಅದೇ ಎರಡು ತಂಡ ಅಂದರೆ ನಂಬಲಿಕ್ಕಾಗದು.

ಇದೇ ಎಲ್‌ಡಿಯು 2008ರಲ್ಲಿ ಕಪ್ ಗೆದ್ದಿತ್ತು, ಎಕ್ವಡಾರ್‌ಗೆ ಮೊದಲನೆಯದು. ಆಗ ಫೈನಲ್ ಕೂಡ ಹೋಗಿಬರುವ ಎರಡು ಪಂದ್ಯ. ಕಿಟೊದಲ್ಲಿ ಎಲ್‌ಡಿಯು 4, ಬ್ರೆಜಿಲ್‌ನ ಫ್ಲುಮಿನೆನ್ಸ್ 2. ಮರಕಾನಾದಲ್ಲಿ ಫ್ಲುಮಿನೆನ್ಸ್ 3, ಎಲ್‌ಡಿಯು 1. ಆ ಮೂರೂ ಥಿಯಾಗೊ ನೆವೆಸ್‌ನದೇ. ಒಟ್ಟು 5-5. ಪರರ ಅಂಗಳದ ಗೋಲು ಎಣಿಸಿದ್ದರೆ ಕಪ್ ಫ್ಲುಮಿನೆನ್ಸ್‌ಗೆ ಹೋಗಬೇಕಿತ್ತು. ಆದರೆ ಆ ನಿಯಮ ಫೈನಲ್‌ಗೆ ಇರಲಿಲ್ಲ. ಎಕ್ಸ್‌ಟ್ರಾ ಟೈಮ್ ಆಯಿತು, ಪೆನಾಲ್ಟಿ ಆಯಿತು. ಗೋಲಿ ಹೊಸೆ ಫ್ರಾನ್ಸಿಸ್ಕೊ ಸೆವಾಯೊಸ್ ಮೂರು ಹೊಡೆತ ತಡೆದ. ಮರಕಾನಾ ತುಂಬ ಜನ, ಎಲ್ಲ ಮೌನ. ಹ್ಯಾಟ್ರಿಕ್ ಹೊಡೆದವನ ಪೆನಾಲ್ಟಿಯೂ ತಡೆದವುಗಳಲ್ಲಿ ಒಂದು.

ಹಳೆಯ ಕಾಲದಲ್ಲಿ ಲೆಕ್ಕವೇ ಬೇರೆ ಇತ್ತು. ಟೂರ್ನಿ ಶುರುವಾದದ್ದು 1960ರಲ್ಲಿ, ಮೊದಲ ಕಪ್ ಉರುಗ್ವೆಯ ಪೆನ್ಯಾರೊಲ್‌ಗೆ. ಆಗ ಎರಡು ಪಂದ್ಯದ ಗೋಲು ಕೂಡಿಸುತ್ತಿರಲಿಲ್ಲ, ಅಂಕ ನೋಡುತ್ತಿದ್ದರು. ನೀವು ಅಲ್ಲಿ ಐದು ಗೋಲಿನಿಂದ ಸೋತು ಇಲ್ಲಿ ಒಂದರಿಂದ ಗೆದ್ದರೂ ಸಮ. ಫೈನಲ್‌ನಲ್ಲಿ ಹಾಗಾದರೆ ಮೂರನೆಯ ಪಂದ್ಯ, ಯಾರದೂ ಅಲ್ಲದ ಊರಲ್ಲಿ. 1962ರಲ್ಲಿ ಪೆಲೆಯ ಸಾಂಟೋಸ್ ಹಾಗೇ ಗೆದ್ದದ್ದು. ಎದುರಿಗೆ ಅದೇ ಪೆನ್ಯಾರೊಲ್, ಅವರ ಊರು ಮಾಂಟೆವಿಡಿಯೊದಲ್ಲಿ 2-1 ಗೆದ್ದು ಬಂದಿದ್ದರು. ಮನೆಯಲ್ಲಿ ಆಡುವಾಗ 2-3 ಆಗಿದ್ದಾಗ ಗಲಾಟೆ ಎದ್ದು, ರೆಫರಿಯ ಮೇಲೇ ವಸ್ತು ಬಿದ್ದು, ಆಟ ನಿಂತಿತು. ಬಹಳ ಹೊತ್ತಾದ ಮೇಲೆ ಮತ್ತೆ ಶುರುವಾಗಿ 3-3 ಆಯಿತು. ಕಪ್ ನಮ್ಮದು ಅಂತ ಊರು ಕುಣಿಯಿತು. ಆಮೇಲೆ ತಿಳಿದದ್ದು, ರೆಫರಿಯ ಲೆಕ್ಕದಲ್ಲಿ ಪಂದ್ಯ 2-3ಕ್ಕೇ ಮುಗಿದಿತ್ತು, ಉಳಿದದ್ದು ತಾನು ಕ್ಷೇಮವಾಗಿ ಮನೆ ಸೇರಲು ಆಡಿಸಿದ್ದು! ನನಗೆ ಆ ರೆಫರಿಯ ಮೇಲೆ ಗೌರವ ಇದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೂರನೆಯ ಪಂದ್ಯ ಬ್ಯೂನಸ್ ಐರಿಸ್‌ನಲ್ಲಿ ನಡೆದು ಸಾಂಟೋಸ್ 3-0, ಅದರಲ್ಲಿ ಎರಡು ಪೆಲೆಯವು.

ಇನ್ನು 1966, ಕೋಳಿಯ ಕಥೆ. ಫೈನಲ್‌ನಲ್ಲಿ ರಿವರ್ ಪ್ಲೇಟ್ ಮತ್ತು ಪೆನ್ಯಾರೊಲ್ ತಲಾ ಒಂದು ಗೆದ್ದು, ಮೂರನೆಯ ಪಂದ್ಯ ಚಿಲಿಯ ಸಾಂಟಿಯಾಗೊದಲ್ಲಿ. ಅರ್ಧ ಸಮಯಕ್ಕೆ ರಿವರ್ 2-0 ಮುಂದೆ. ಮುಗಿಯುವಾಗ ಪೆನ್ಯಾರೊಲ್ 4-2. ಎರಡು ಗೋಲು ಎಕ್ವಡಾರ್‌ನ ಆಲ್ಬರ್ಟೊ ಸ್ಪೆನ್ಸರ್‌ನದು. ಈ ಟೂರ್ನಿಯಲ್ಲಿ ಅವನು ಒಟ್ಟು ಹೊಡೆದದ್ದು 54, ಇವತ್ತಿಗೂ ಅದನ್ನು ಯಾರೂ ದಾಟಿಲ್ಲ. ರಿವರ್ ಊರಿಗೆ ಮರಳಿ ಬಾನ್‌ಫೀಲ್ಡ್ ತಂಡದ ಅಂಗಳಕ್ಕೆ ಆಡಲು ಹೋದಾಗ, ಅಲ್ಲಿಯವರು ಒಂದು ಬಿಳಿ ಕೋಳಿಗೆ ಕೆಂಪು ಪಟ್ಟಿ ಬಳಿದು ಮೈದಾನಕ್ಕೆ ಬಿಟ್ಟರು. ರಿವರ್‌ನ ಅಂಗಿಯೂ ಬಿಳಿ ಮೇಲೆ ಕೆಂಪು ಓರೆಪಟ್ಟಿ, ಬಿಡಿಸಿ ಹೇಳಬೇಕಿಲ್ಲ. ಅಂದಿನಿಂದ ಅವರು "ಗಾಯಿನಾಸ್", ಕೋಳಿಗಳು.

ಮೂವತ್ತೆಂಟು ವರ್ಷ ಆದಮೇಲೆ ಆ ಕೋಳಿ ಮತ್ತೆ ಕೂಗಿತು. 2004ರ ಸೆಮಿಫೈನಲ್, ರಿವರ್‌ನ ಮೊನುಮೆಂಟಲ್‌ನಲ್ಲಿ, ಎದುರಿಗೆ ಅದೇ ಊರಿನ ಬೋಕಾ ಜೂನಿಯರ್ಸ್. ಹೊರಗಿನ ತಂಡದ ಅಭಿಮಾನಿಗಳಿಗೆ ಪ್ರವೇಶವೇ ಇಲ್ಲ. ಕೊನೆಯ ನಿಮಿಷಗಳಲ್ಲಿ ಬೋಕಾದ ಹುಡುಗ ಕಾರ್ಲೋಸ್ ತೆವೆಸ್ ಗೋಲು ಹೊಡೆದ. ಹೊಡೆದವನು ಸುಮ್ಮನಿರಬೇಕಲ್ಲ? ಅಂಗಿ ಬಿಚ್ಚಿ, ಎರಡೂ ಮೊಣಕೈ ರೆಕ್ಕೆಯ ಹಾಗೆ ಬಡಿದು ರಿವರ್‌ನ ಜನಕ್ಕೆ ಕೋಳಿಯ ಅಭಿನಯ ಮಾಡಿ ತೋರಿಸಿದ. ರೆಫರಿ ಕೆಂಪು ಕಾರ್ಡ್ ತೋರಿಸಿದ. ಅಷ್ಟರಲ್ಲೇ ರಿವರ್ ಮತ್ತೊಂದು ಹೊಡೆದು ಲೆಕ್ಕ ಸಮ ಮಾಡಿತು. ಬೋಕಾ ಪೆನಾಲ್ಟಿಯಲ್ಲಿ 5-4 ಗೆದ್ದಿತು. ಫೈನಲ್‌ನಲ್ಲಿ ಕೊಲಂಬಿಯಾದ ಒನ್ಸೆ ಕಾಲ್ಡಾಸ್ ಎದುರು ಹೊಡೆದ ನಾಲ್ಕೂ ಪೆನಾಲ್ಟಿ ಹಾಳು ಮಾಡಿಕೊಂಡು ಸೋತಿತು. ಆ ಫೈನಲ್ ಯಾರಿಗೆ ನೆನಪಿದೆ? ಕೋಳಿ ಎಲ್ಲರಿಗೂ ನೆನಪಿದೆ.

ಇಲ್ಲಿವರೆಗೆ ತಮಾಷೆ. ಮನೆ ಅನ್ನುವುದು ಇಷ್ಟು ಗಟ್ಟಿಯಾದಾಗ ಅದರ ಕೊಳಕೂ ಬರುತ್ತದೆ. 2015ರ ಹದಿನಾರರ ಸುತ್ತು ನೋಡಿ. ಬೋಕಾ ಗುಂಪಿನ ಆರಕ್ಕೆ ಆರೂ ಗೆದ್ದು ಹದಿನಾರು ತಂಡಗಳ ಪಟ್ಟಿಯಲ್ಲಿ ಮೊದಲ ಸ್ಥಾನ. ರಿವರ್ ಹದಿನಾರನೆಯ ಸ್ಥಾನ. ಅದೂ ಮೆಕ್ಸಿಕೊದ ತಿಗ್ರೆಸ್ ಕೊನೆಯ ದಿನ ಪೆರುವಿನಲ್ಲಿ 5-4 ಗೆದ್ದುಕೊಟ್ಟಿದ್ದರಿಂದ ಒಳಗೆ ಬಂದದ್ದು. ಆಗ ಚೀಟಿ ಎತ್ತುತ್ತಿರಲಿಲ್ಲ, ಒಂದಕ್ಕೆ ಹದಿನಾರು ಎದುರಾಗಬೇಕು, ಎದುರಾಯಿತು. ಮೊದಲ ಪಂದ್ಯ ರಿವರ್ 1-0. ಮೇ 14ರಂದು ಬೋಕಾದ ಬೊಂಬೊನೆರಾ ಕ್ರೀಡಾಂಗಣದಲ್ಲಿ ಮೊದಲ ಅರ್ಧ 0-0. ಎರಡನೆಯ ಅರ್ಧಕ್ಕೆ ರಿವರ್ ಆಟಗಾರರು ಸುರಂಗದೊಳಗಿಂದ ಬರುವಾಗ ಅವರ ಮೇಲೆ ಖಾರದ ಸ್ಪ್ರೇ ಎರಚಿದರು. ಕಣ್ಣು ಉಜ್ಜಿಕೊಳ್ಳುತ್ತ, ಮುಖಕ್ಕೆ ನೀರು ಸುರಿದುಕೊಳ್ಳುತ್ತ ಆಟಗಾರರು ಮೈದಾನದಲ್ಲಿ ನಿಂತಿದ್ದಾರೆ, ಅಧಿಕಾರಿಗಳು ಗಂಟೆಗಟ್ಟಲೆ ಫೋನ್ ಹಿಡಿದು ಓಡಾಡುತ್ತಿದ್ದಾರೆ, ಮೇಲೆ ಒಂದು ಡ್ರೋನ್ ಬಿಳಿ ಬಟ್ಟೆಯ ದೆವ್ವವನ್ನು ನೇತುಹಾಕಿಕೊಂಡು ಸುತ್ತುತ್ತಿದೆ. ಅದರ ಮೇಲೆ "ಬಿ" ಅಕ್ಷರ, ರಿವರ್ 2011ರಲ್ಲಿ ಎರಡನೆಯ ದರ್ಜೆಗೆ ಇಳಿದದ್ದನ್ನು ಆಡಿಕೊಳ್ಳಲು. ಪಂದ್ಯ ರದ್ದಾಯಿತು, ಬೋಕಾವನ್ನು ಹೊರಹಾಕಿದರು. ರಿವರ್ ಹಾಗೇ ಮುಂದುವರಿದು ಕಪ್ ಗೆದ್ದಿತು, ಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನು ಅಂದುಕೊಂಡಿರಿ? ತಿಗ್ರೆಸ್‌ನ್ನು, 3-0. ಉಪಕಾರಕ್ಕೆ ಕಾಲವಿಲ್ಲ.

2018 ನಿಮಗೆಲ್ಲ ಗೊತ್ತು, ಹಾಗಾಗಿ ಚಿಕ್ಕದಾಗಿ. ಇವರಿಬ್ಬರದೇ ಫೈನಲ್. ಬೊಂಬೊನೆರಾದಲ್ಲಿ, ಮಳೆಯಿಂದ ಒಂದು ದಿನ ತಡವಾಗಿ, 2-2. ಎರಡನೆಯದಕ್ಕೆ ನವೆಂಬರ್ 24ರಂದು ಬೋಕಾ ಬಸ್ಸು ಮೊನುಮೆಂಟಲ್ ಹತ್ತಿರ ಬರುವಾಗ ಕಲ್ಲುತೂರಾಟ, ನಾಯಕ ಪಾಬ್ಲೊ ಪೆರೆಸ್‌ನ ಕಣ್ಣಿಗೆ ಗಾಯ. ಮುಂದೂಡಿ, ಮುಂದೂಡಿ, ಕೊನೆಗೆ ಡಿಸೆಂಬರ್ 9ಕ್ಕೆ ಮ್ಯಾಡ್ರಿಡ್‌ನಲ್ಲಿ ಆಡಿಸಿದರು. ಕಪ್ಪಿನ ಹೆಸರಿನ ಅರ್ಥವೇ ವಿಮೋಚಕರು, ಬೊಲಿವಾರ್, ಸ್ಯಾನ್ ಮಾರ್ಟಿನ್ ಮೊದಲಾಗಿ ಸ್ಪೇನಿನ ಆಳ್ವಿಕೆಯನ್ನು ಒದ್ದೋಡಿಸಿದವರ ಹೆಸರಿನದು. ಅದರ ಫೈನಲ್ ಸ್ಪೇನಿನ ರಾಜಧಾನಿಯಲ್ಲಿ. ಈ ವ್ಯಂಗ್ಯವನ್ನು ಆಗ ಆಡದ ಬಾಯಿಲ್ಲ. ರಿವರ್ ಎಕ್ಸ್‌ಟ್ರಾ ಟೈಮ್‌ನಲ್ಲಿ 3-1 ಗೆದ್ದಿತು. ಆದರೆ ವಸೂಲಿಯ ಪಂದ್ಯ ತಮ್ಮ ಮನೆಯಲ್ಲಿ ಆಡುವ ಹಕ್ಕನ್ನು ಅವರು ಕಳೆದುಕೊಂಡರು, ತಮ್ಮವರೇ ತೂರಿದ ಕಲ್ಲಿನಿಂದ.

2019ರಿಂದ ಫೈನಲ್ ಒಂದೇ ಪಂದ್ಯ, ಮೊದಲೇ ಗೊತ್ತುಮಾಡಿದ ಊರಲ್ಲಿ. ಆ ತೀರ್ಮಾನ ಬಸ್ಸಿಗೆ ಕಲ್ಲು ಬೀಳುವ ಮೊದಲೇ ಆಗಿತ್ತು, ಕಲ್ಲಿನಿಂದ ಬಂದದ್ದಲ್ಲ. ಯುರೋಪಿನವರಿಗೆ ಒಂದು ಫೈನಲ್ ಇದೆ, ನಮಗೂ ಬೇಕು ಅನ್ನುವ ಆಸೆ, ಅಷ್ಟೇ. ಆದರೆ ಅಲ್ಲಿಯ ದೂರ ಬೇರೆ, ಅಭಿಮಾನಿಯ ಜೇಬು ಬೇರೆ. ಮೊದಲ ವರ್ಷವೇ ಸಾಂಟಿಯಾಗೊದಲ್ಲಿ ಇಟ್ಟುಕೊಂಡದ್ದನ್ನು ಚಿಲಿಯ ಪ್ರತಿಭಟನೆಗಳಿಂದಾಗಿ ಲಿಮಾಕ್ಕೆ ಒಯ್ಯಬೇಕಾಯಿತು. ನ್ಯಾಯವಾಗಿ ಹೇಳಬೇಕೆಂದರೆ ಆ ಪಂದ್ಯ ಅದ್ಭುತವಾಗಿತ್ತು. ರಿವರ್ 1-0 ಮುಂದಿದ್ದಾಗ ಬ್ರೆಜಿಲ್‌ನ ಫ್ಲಮೆಂಗೊದ ಗೇಬ್ರಿಯಲ್ ಬಾರ್ಬೋಸಾ 89ನೇ ನಿಮಿಷಕ್ಕೆ ಒಂದು, 92ಕ್ಕೆ ಇನ್ನೊಂದು ಹೊಡೆದ. ಹಾಗಂತ ಅದು ಲಿಬರ್ಟಡೋರೆಸ್ ಫೈನಲ್ಲೇ ಆಗಬೇಕಿರಲಿಲ್ಲ, ಯಾವ ಟೂರ್ನಿಯ ಫೈನಲ್ ಬೇಕಾದರೂ ಆಗಬಹುದಿತ್ತು. ಅಲ್ಲಿಂದ 2025ರವರೆಗೆ ಏಳಕ್ಕೆ ಏಳೂ ಕಪ್ ಬ್ರೆಜಿಲ್‌ಗೆ. ಹಣದ ಅಂತರ ದೊಡ್ಡದಿದೆ, ಒಂದೇ ಪಂದ್ಯದ ಫೈನಲ್‌ನಲ್ಲಿ ಅದನ್ನು ತಡೆಯಲು ಬೆಟ್ಟವೂ ಇಲ್ಲ, ಬೊಂಬೊನೆರಾವೂ ಇಲ್ಲ. 25 ಕಪ್ಪಿನ ಅರ್ಜೆಂಟೀನಾಕ್ಕೆ ಬ್ರೆಜಿಲ್ ಈಗ 25ರಲ್ಲಿ ಸಮ.

ಹಣವಿಲ್ಲದವರು ಏನು ಮಾಡಬಹುದು? 2023ರ ಬೋಕಾ ಮಾಡಿದ್ದನ್ನು ಮಾಡಬಹುದು. ಆಗಲೇ ನೆನಪಿಟ್ಟುಕೊಳ್ಳಿ ಅಂದ ನಿಯಮ ಈಗ ತೆಗೆಯಿರಿ. ಹದಿನಾರರ ಸುತ್ತಿನಲ್ಲಿ ಉರುಗ್ವೆಯ ನ್ಯಾಸಿಯೊನಾಲ್ ಜೊತೆ 0-0, 2-2, ಪೆನಾಲ್ಟಿಯಲ್ಲಿ ಗೆಲುವು. ಕ್ವಾರ್ಟರ್ ಫೈನಲ್‌ನಲ್ಲಿ ರೇಸಿಂಗ್ ಜೊತೆ 0-0, 0-0, ಪೆನಾಲ್ಟಿ. ಸೆಮಿಫೈನಲ್‌ನಲ್ಲಿ ಪಾಲ್ಮೈರಾಸ್ ಜೊತೆ 0-0, 1-1, ಪೆನಾಲ್ಟಿ. ಆರು ಪಂದ್ಯ, ಒಂದೂ ಗೆಲುವಿಲ್ಲ, ತಂಡ ಫೈನಲ್‌ನಲ್ಲಿ! ಮೂರೂ ಶೂಟೌಟ್‌ನಲ್ಲಿ ಗೋಲಿ ಸೆರ್ಹಿಯೊ ರೊಮೆರೊ ಎರಡೆರಡು ತಡೆದ. ಅವನನ್ನು "ಚಿಕಿತೊ" ಅಂತ ಕರೆಯುತ್ತಾರೆ, ಪುಟ್ಟ ಅಂತ. ಆರು ಅಡಿಗೂ ಮೀರಿದ ಆಳು. ಇದನ್ನು ಬೇಸರದ ಆಟ ಅಂದವರಿದ್ದಾರೆ. ನನಗೆ ಅದು ಚೆಸ್ ಆಡುವವನ ತಾಳ್ಮೆಯಾಗಿ ಕಂಡಿತು. ನಮ್ಮಲ್ಲಿ ಒಬ್ಬ ಗೋಲಿ ಇದ್ದಾನೆ, ಅವನ ಹತ್ತಿರ ಕರೆದುಕೊಂಡು ಹೋದರೆ ಸಾಕು ಅನ್ನುವ ಲೆಕ್ಕ.

ಲೆಕ್ಕ ತಪ್ಪಿದ್ದು ಎಲ್ಲಿ? ಫೈನಲ್‌ನಲ್ಲಿ. ಮರಕಾನಾದಲ್ಲಿ ಫ್ಲುಮಿನೆನ್ಸ್ ಜೊತೆ ತೊಂಬತ್ತು ನಿಮಿಷಕ್ಕೆ ಅದೇ 1-1. ಬೇರೆ ಸುತ್ತಾಗಿದ್ದರೆ ನೇರ ರೊಮೆರೊ ಹತ್ತಿರ. ಆದರೆ ಫೈನಲ್‌ಗೆ ಮಾತ್ರ ಎಕ್ಸ್‌ಟ್ರಾ ಟೈಮ್ ಇದೆಯಲ್ಲ. 99ನೇ ನಿಮಿಷಕ್ಕೆ ಜಾನ್ ಕೆನಡಿ ಹೊಡೆದ, ಹೊಡೆದ ಖುಷಿಗೆ ಜನರ ನಡುವೆ ನುಗ್ಗಿ ಎರಡನೆಯ ಹಳದಿ ಕಾರ್ಡ್ ಪಡೆದು ಹೊರಗೂ ಹೋದ. 2008ರಲ್ಲಿ ಅದೇ ಮರಕಾನಾದಲ್ಲಿ ಅತ್ತ ಫ್ಲುಮಿನೆನ್ಸ್‌ಗೆ ಹದಿನೈದು ವರ್ಷಕ್ಕೆ ಕಪ್.

ವಿಕ್ಟರನ ಕಾಲು ಬಿಟ್ಟು ದೂರ ಬಂದೆ. ಆ ಪೆನಾಲ್ಟಿ ತಡೆದ ಮೇಲೆ ಅಟ್ಲೆಟಿಕೊಗೆ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾದ ನ್ಯೂವೆಲ್ಸ್. ಅಲ್ಲಿ 0-2 ಸೋಲು. ಹೊರ್ತೊದಲ್ಲಿ 1-0 ಆಗಿ ಮುಂದಕ್ಕೆ ಹೋಗದೆ ಪರದಾಡುವಾಗ ಫ್ಲಡ್‌ಲೈಟ್ ಕೆಟ್ಟು ಆಟ ನಿಂತಿತು. ಬೆಳಕು ಬಂದ ಮೇಲೆ ಎರಡನೆಯದು ಬಿತ್ತು. ಪೆನಾಲ್ಟಿಯಲ್ಲಿ ಗೆಲುವು. ಫೈನಲ್‌ನಲ್ಲಿ ಪರಗ್ವೆಯ ಒಲಿಂಪಿಯಾ ಎದುರು ಮತ್ತೆ 0-2 ಸೋತು ಬಂದರು. "ಎಉ ಅಕ್ರೆಡಿತೊ", ನಾನು ನಂಬುತ್ತೇನೆ ಅಂತ ಜನ ಕೂಗುತ್ತಿದ್ದರು. ಎರಡನೆಯ ಪಂದ್ಯದಲ್ಲಿ ಒಲಿಂಪಿಯಾದ ಫೆರೇರಾ ಗೋಲಿಯನ್ನೂ ದಾಟಿ, ಖಾಲಿ ಗೋಲಿನ ಮುಂದೆ, ಕಾಲು ಜಾರಿ ಬಿದ್ದ. ಅವನು ಬೀಳದಿದ್ದರೆ ಸಂತನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 2-0, ಮತ್ತೆ ಪೆನಾಲ್ಟಿ, ಕಪ್.

ಇನ್ನೊಂದು ಕಾಲಿನ ಬಗ್ಗೆ ಹೇಳಿ ಮುಗಿಸುತ್ತೇನೆ. ಇದು ಲಿಬರ್ಟಡೋರೆಸ್ ಅಲ್ಲ, ಅದರ ತಮ್ಮನಂಥ ಕೋಪಾ ಸುಡಾಮೆರಿಕಾನಾ. 2016ರ ಸೆಮಿಫೈನಲ್. ದಕ್ಷಿಣ ಬ್ರೆಜಿಲ್‌ನ ಚಾಪೆಕೊ ಎಂಬ ಊರಿನ ಸಣ್ಣ ಕ್ಲಬ್ ಚಾಪೆಕೊಯೆನ್ಸ್, ಎದುರಿಗೆ ಬ್ಯೂನಸ್ ಐರಿಸ್‌ನ ಸ್ಯಾನ್ ಲೊರೆಂಜೊ. ಅಲ್ಲಿ 1-1. ನವೆಂಬರ್ 23ರಂದು ಚಾಪೆಕೊದಲ್ಲಿ 0-0 ನಡೆಯುತ್ತಿದೆ. ಹೀಗೇ ಮುಗಿದರೆ ಪರರ ಅಂಗಳದ ಗೋಲಿನಿಂದ ಚಾಪೆಕೊಯೆನ್ಸ್ ಫೈನಲ್‌ಗೆ. ಕೊನೆಯ ಗಳಿಗೆಯಲ್ಲಿ ಗೋಲಿನ ಬಾಯಲ್ಲೇ ಸ್ಯಾನ್ ಲೊರೆಂಜೊ ಆಟಗಾರನ ಕಾಲಿಗೆ ಚೆಂಡು ಸಿಕ್ಕಿತು. ಹೊಡೆದ. ಗೋಲಿ ಡ್ಯಾನಿಲೊ ಕಾಲು ಚಾಚಿದ. ಚೆಂಡು ಕಾಲಿಗೆ ಬಡಿದು ಹೊರಗೆ ಹೋಯಿತು. ವಿಕ್ಟರನದೇ ಪಡಿಯಚ್ಚು.

ಐದು ದಿನದ ಮೇಲೆ ಫೈನಲ್‌ನ ಮೊದಲ ಪಂದ್ಯ ಆಡಲು ತಂಡ ಕೊಲಂಬಿಯಾದ ಮೆಡೆಲಿನ್‌ಗೆ ಹೊರಟಿತು. ಇಂಧನ ಮುಗಿದು ವಿಮಾನ ಬೆಟ್ಟಕ್ಕೆ ಬಡಿಯಿತು. ಇದ್ದ 77 ಜನರಲ್ಲಿ 71 ಮಂದಿ ಸತ್ತರು. ಬದುಕಿದ ಆಟಗಾರರು ಮೂವರು, ಡ್ಯಾನಿಲೊ ಅವರಲ್ಲಿ ಇರಲಿಲ್ಲ.

ನವೆಂಬರ್ 30ರ ಸಂಜೆ, ಪಂದ್ಯ ಶುರುವಾಗಬೇಕಿದ್ದ ಹೊತ್ತಿಗೆ, ಮೆಡೆಲಿನ್‌ನ ಜನ ಬಿಳಿ ಬಟ್ಟೆ ಹಾಕಿಕೊಂಡು ಮೇಣದಬತ್ತಿ ಹಿಡಿದು ಕ್ರೀಡಾಂಗಣ ತುಂಬಿದರು. ಎದುರಾಳಿ ಆಗಬೇಕಿದ್ದ ಅಟ್ಲೆಟಿಕೊ ನ್ಯಾಸಿಯೊನಾಲ್ ತಾನೇ ಕೇಳಿಕೊಂಡು ಕಪ್ಪನ್ನು ಚಾಪೆಕೊಯೆನ್ಸ್‌ಗೆ ಕೊಡಿಸಿತು.

ನ್ಯಾಸಿಯೊನಾಲ್ ಆ ವರ್ಷ ಲಿಬರ್ಟಡೋರೆಸ್ ಗೆದ್ದಿತ್ತು. ಎರಡು ಟೂರ್ನಿಯ ವಿಜೇತರು ಮರುವರ್ಷ ರೆಕೋಪಾ ಅಂತ ಎರಡು ಪಂದ್ಯ ಆಡುವುದು ಪದ್ಧತಿ. ಹಾಗಾಗಿ 2017ರಲ್ಲಿ ಇವರಿಬ್ಬರ ಹೋಗಿಬರುವುದು ಕೊನೆಗೂ ನಡೆಯಿತು. ಏಪ್ರಿಲ್‌ನಲ್ಲಿ ಚಾಪೆಕೊದಲ್ಲಿ, ಹೊಸದಾಗಿ ಕಟ್ಟಿದ ತಂಡ 2-1 ಗೆದ್ದಿತು. ಮೇ ತಿಂಗಳಲ್ಲಿ ಚಾಪೆಕೊಯೆನ್ಸ್ ಮೆಡೆಲಿನ್‌ಗೆ ಹೋಯಿತು. ನ್ಯಾಸಿಯೊನಾಲ್ 4, ಚಾಪೆಕೊಯೆನ್ಸ್ 1.